ಕಂದೀಲಿನೊಳಗಿನ ದೀಪ ಬದಲಾದ ಕಥೆ

ದೀಪಾವಳಿಗೆ ಇನ್ನೆರಡು ದಿನ ಇದೆ ಎನ್ನುವಾಗ ಬಸವಕಲ್ಯಾಣ, ಹುಮನಾಬಾದ್ ಕಡೆಯ ಮನೆಗಳಲ್ಲಿ ಅಟ್ಟದ ಮೇಲಿನ ರಟ್ಟಿನ ಡಬ್ಬ ಕೆಳಗಿಳಿಯುತ್ತದೆ. ಅದರೊಳಗೆ ಹಿಂದಿನ ವರ್ಷದ ಆಕಾಶಬುಟ್ಟಿ, ಗಂಟು ಬಿದ್ದ ಲೈಟಿನ ಸರ, ಮೇಣಬತ್ತಿಯ ಆಕಾರದ ಪ್ಲಾಸ್ಟಿಕ್ ದೀಪ, ದೇವರ ಜಗಲಿಗೆ ಇಡುವ ಕೆಂಪು ಬಲ್ಬಿನ ಪುಟ್ಟ ದೀಪ ಇರುತ್ತವೆ. ಡಿಸೆಂಬರ್ ಬಂತೆಂದರೆ ಇದೇ ಕೆಲಸ ಕ್ರೈಸ್ತರ ಮನೆಗಳಲ್ಲಿ ನಡೆಯುತ್ತದೆ. ಅಲ್ಲಿ ಬುಟ್ಟಿಯ ಬದಲು ಕಾಗದದ ನಕ್ಷತ್ರ. ಪ್ಲಗ್ಗಿಗೆ ಚುಚ್ಚಿ ನೋಡಿದರೆ ಅರ್ಧದಷ್ಟು ಹತ್ತುವುದಿಲ್ಲ. ಆಗ ಪ್ರತಿ ಮನೆಯಲ್ಲೂ ಒಂದೇ ಪ್ರಶ್ನೆ: ಇದನ್ನು ಎಸೆಯುವುದೋ, ಇಲ್ಲವೇ ಒಳಗಿನ ಬಲ್ಬು ತೆಗೆದು ಎಲ್‌ಇಡಿ ಹಾಕುವುದೋ?

ಪ್ರಶ್ನೆ ಚಿಕ್ಕದು. ಆದರೆ ಈ ಭಾಗದ ಮನೆಗಳಿಗೆ ಇದು ಹೊಸದೇನಲ್ಲ. ದೀಪದ ಹೊರಗಿನ ರೂಪವನ್ನು ಹಾಗೆಯೇ ಉಳಿಸಿಕೊಂಡು ಒಳಗಿನ ಬೆಳಕನ್ನು ಮಾತ್ರ ಬದಲಿಸುವ ಕೆಲಸ ಹಲವು ತಲೆಮಾರುಗಳಿಂದ ನಡೆದುಬಂದಿದೆ. ಹಾಗೆ ಬದಲಿಸಿದಾಗಲೆಲ್ಲ ಕೆಲವು ಲಾಭ, ಕೆಲವು ನಷ್ಟ ಆಗಿವೆ. ಅವುಗಳ ಲೆಕ್ಕ ತಿಳಿದಿದ್ದರೆ ಇಂದಿನ ಬದಲಾವಣೆಯನ್ನೂ ಸರಿಯಾಗಿ ಮಾಡಬಹುದು.

ಒಂದೇ ಬೇರಿನ ಪದಗಳು

ಉತ್ತರ ಕರ್ನಾಟಕದಲ್ಲಿ ಗಾಜಿನ ಬುರುಡೆಯ ಸೀಮೆಎಣ್ಣೆ ದೀಪಕ್ಕೆ ಕಂದೀಲು ಎನ್ನುತ್ತಾರೆ. ಗಡಿಯಾಚೆಯ ಮರಾಠಿಯಲ್ಲಿ ಆಕಾಶಬುಟ್ಟಿಯೂ ಆಕಾಶಕಂದೀಲವೇ. ಈ ಪದ ಬಂದದ್ದು ಅರಬ್ಬಿಯ 'ಕಿಂದೀಲ್' ಎಂಬುದರಿಂದ. ಪಾರಸಿ ಮತ್ತು ಉರ್ದು ದಾಟಿ ಅದು ನಮ್ಮ ಮಾತಿಗೆ ಸೇರಿತು. ಅರಬ್ಬಿಗೆ ಅದು ಗ್ರೀಕರ ಮೂಲಕ ಲ್ಯಾಟಿನ್‌ನಿಂದ ಬಂದದ್ದು. ಲ್ಯಾಟಿನ್‌ನಲ್ಲಿ 'ಕಾಂದೇಲಾ' ಎಂದರೆ ಮೇಣದ ಬತ್ತಿ. ಇಂಗ್ಲಿಷಿನ 'ಕ್ಯಾಂಡಲ್' ಕೂಡ ಅದರದೇ ಮಗು. ಹೊಳೆಯುವುದು ಎಂಬ ಅರ್ಥದ ಆ ಮೂಲಧಾತುವಿಗೆ ಸಂಸ್ಕೃತದ 'ಚಂದ್ರ'ವೂ ಬಂಧು ಎಂದು ಭಾಷಾವಿಜ್ಞಾನಿಗಳು ಹೇಳುತ್ತಾರೆ. ಯುರೋಪಿನ ಕಿಟಕಿಯ ಮೇಣಬತ್ತಿಯೂ ಬೀದರ್ ಜಿಲ್ಲೆಯ ಪಡಸಾಲೆಯ ಕಂದೀಲೂ ಹೆಸರಿನಲ್ಲಿ ಅಣ್ಣತಮ್ಮಂದಿರು.

ಪದ ಹಳೆಯದಾಗಿಯೇ ಉಳಿಯಿತು, ವಸ್ತು ಮಾತ್ರ ಬದಲಾಗುತ್ತ ಹೋಯಿತು. ಮೇಣದಿಂದ ಎಣ್ಣೆಗೆ, ಎಣ್ಣೆಯಿಂದ ಸೀಮೆಎಣ್ಣೆಗೆ, ಅಲ್ಲಿಂದ ವಿದ್ಯುತ್ತಿಗೆ ಬಂದರೂ ಅದು ಕಂದೀಲೇ. ಇಂದಿಗೂ ಈ ಕಡೆ ಸ್ವಿಚ್ ಒತ್ತುವುದಕ್ಕೆ 'ಲೈಟು ಹಚ್ಚು' ಎನ್ನುತ್ತಾರೆ. ಹಚ್ಚಲು ಅಲ್ಲಿ ಬೆಂಕಿಯೇ ಇಲ್ಲ ಎಂಬುದು ಯಾರಿಗೂ ಅಡ್ಡಿಯಾಗಿಲ್ಲ.

ಎಣ್ಣೆಯ ಕಾಲದ ಲೆಕ್ಕ

ಬಸವಕಲ್ಯಾಣ ಒಂದು ಕಾಲಕ್ಕೆ ಕಲ್ಯಾಣ. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯರ ಒಂದನೇ ಸೋಮೇಶ್ವರ ಇದನ್ನು ರಾಜಧಾನಿಯಾಗಿ ಮಾಡಿಕೊಂಡ. ಆರನೇ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಇಲ್ಲಿಂದ ಆಳಿದ. ಈ ಕಾಲದ ಶಾಸನಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ದಾನವೆಂದರೆ ನಂದಾದೀವಿಗೆ. ಆರದಂತೆ ಉರಿಯುವ ದೀಪಕ್ಕೆಂದು ಭೂಮಿ, ಹಣ, ಎಣ್ಣೆ ಬಿಟ್ಟುಕೊಟ್ಟ ವಿವರ ಅವುಗಳಲ್ಲಿದೆ. ಗಾಣವೊಂದಕ್ಕೆ ಇಷ್ಟು ಅಳತೆಯ ಎಣ್ಣೆ ಎಂದು ತೆಲ್ಲಿಗರು, ಅಂದರೆ ಎಣ್ಣೆ ತೆಗೆಯುವವರು, ಸಂಘವಾಗಿ ಒಪ್ಪಿಕೊಂಡ ಉದಾಹರಣೆಗಳೂ ಇವೆ.

ಇದರ ಅರ್ಥ ಸ್ಪಷ್ಟ. ಅಂದು ಬೆಳಕಿಗೆ ಬೆಲೆ ಬಹಳ. ಒಂದು ದೀಪ ರಾತ್ರಿಯಿಡೀ ಉರಿಯಬೇಕಾದರೆ ಅದರ ಹಿಂದೆ ಒಂದು ಹೊಲ, ಒಂದು ಗಾಣ, ಒಂದು ಒಪ್ಪಂದ ಬೇಕಾಗಿತ್ತು. ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರಲ್ಲಿ ಗಾಣದ ಕಣ್ಣಪ್ಪ ಎಂಬುವರು ಇದ್ದರು. ಅವರ ಕಾಯಕವೇ ಅವರ ಹೆಸರಾಯಿತು. ಬೆಳಕು ಯಾರದೋ ದುಡಿಮೆಯಿಂದ ಬರುತ್ತದೆ ಎಂಬುದನ್ನು ಆ ಹೆಸರು ಇಂದಿಗೂ ನೆನಪಿಸುತ್ತದೆ.

ಸಾಮಾನ್ಯರ ಮನೆಯಲ್ಲಿ ಒಂದೋ ಎರಡೋ ಪಣತಿ. ದಪ್ಪ ಕಲ್ಲುಗೋಡೆಯ ಹಳೆಯ ಮನೆಗಳಲ್ಲಿ ಬಾಗಿಲ ಪಕ್ಕ, ಪಡಸಾಲೆಯ ಗೋಡೆಯಲ್ಲಿ, ಒಲೆಯ ಹತ್ತಿರ ಸಣ್ಣ ಮಾಡಗಳಿರುತ್ತವೆ. ಗೂಡು ಎಂದೂ ಹೇಳುವುದುಂಟು. ಗಾಳಿಗೆ ದೀಪ ಆರದಂತೆ, ಮಕ್ಕಳ ಕೈಗೆ ಸಿಗದಂತೆ ಇಡಲು ಮಾಡಿದ ಜಾಗ ಅದು. ಬಾಗಿಲ ಪಕ್ಕದ ಮಾಡದಲ್ಲಿಟ್ಟ ದೀಪ ಮನೆಯವರಿಗೆ ಕಾಣಲೆಂದು ಇಟ್ಟದ್ದಲ್ಲ, ಬೀದಿಯವರಿಗೆ ಕಾಣಲೆಂದು ಇಟ್ಟದ್ದು. ಯುರೋಪಿನವರು ಕಿಟಕಿಯಲ್ಲಿ ಮೇಣಬತ್ತಿ ಇಡುವುದೂ ಇದೇ ಕಾರಣಕ್ಕೆ. ಐರ್ಲೆಂಡಿನಲ್ಲಿ ಕ್ರಿಸ್‌ಮಸ್ ರಾತ್ರಿ ಕಿಟಕಿಯ ದೀಪ ದಾರಿಹೋಕರಿಗೆ 'ಇಲ್ಲಿ ಜಾಗವಿದೆ' ಎಂದು ಹೇಳುವ ಗುರುತು.

ಇಲ್ಲೊಂದು ವ್ಯತ್ಯಾಸ ಗಮನಿಸಬೇಕು. ನೋಡಲು ಬೇಕಾದ ದೀಪ ಬೇರೆ, ನೋಡಿಸಿಕೊಳ್ಳುವ ದೀಪ ಬೇರೆ. ಓದಲು, ಅಡಿಗೆ ಮಾಡಲು ಬೇಕಾದದ್ದು ಮೊದಲನೆಯದು. ಮಾಡದ ಪಣತಿ, ಆಕಾಶಬುಟ್ಟಿ, ನಕ್ಷತ್ರ, ಕಿಟಕಿಯ ಮೇಣಬತ್ತಿ ಇವೆಲ್ಲ ಎರಡನೆಯವು. ಅಲಂಕಾರದ ದೀಪ ಎಂದರೆ ಇದೇ. ಅದಕ್ಕೆ ಬೇಕಾಗುವ ಬೆಳಕು ಬಹಳ ಕಡಿಮೆ.

ಸೀಮೆಎಣ್ಣೆ ಬಂತು, ಕಂದೀಲು ನಿಂತಿತು

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕ, ರಷ್ಯಾಗಳಿಂದ ಸೀಮೆಎಣ್ಣೆ ತಗಡಿನ ಡಬ್ಬಗಳಲ್ಲಿ ಭಾರತಕ್ಕೆ ಬರತೊಡಗಿತು. ಬೀದರ್ ಪ್ರದೇಶ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅದು ಭಾರತದ ಒಕ್ಕೂಟಕ್ಕೆ ಸೇರಿದ್ದು 1948ರ ಸೆಪ್ಟೆಂಬರಿನಲ್ಲಿ, ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಹಳ್ಳಿಗಳಲ್ಲಿ ಚಿಮಣಿ ಬುಡ್ಡಿ, ಕಂದೀಲು, ಮದುವೆ ಜಾತ್ರೆಗಳಿಗೆ ಗ್ಯಾಸ್‌ಬತ್ತಿ ಬಂದವು. ಪಣತಿಯ ಮಾಡಗಳಲ್ಲೇ ಚಿಮಣಿಯೂ ಕೂತಿತು. ಜಾಗ ಅದೇ, ಎಣ್ಣೆ ಬೇರೆ. ಹಳೆಯ ಮನೆಗಳಲ್ಲಿ ಮಾಡದ ಮೇಲ್ಭಾಗಕ್ಕೆ ಹಿಡಿದಿರುವ ಕಪ್ಪು ಮಸಿ ಆ ಕಾಲದ ಗುರುತು.

ಇದೇ ಸಂಸ್ಥಾನದ ಉರ್ದು ಪರಂಪರೆಯಲ್ಲಿ ಇನ್ನೊಂದು ಬಗೆಯ ಕಂದೀಲಿನ ಹೆಸರೂ ಉಂಟು. ಅದು 'ಫಾನೂಸ್-ಎ-ಖಯಾಲ್'. ದೀಪದ ಸುತ್ತ ಚಿತ್ರ ಬಿಡಿಸಿದ ಕಾಗದದ ಕೊಳವೆ, ಅದರ ತಲೆಯ ಮೇಲೆ ಗಾಳಿಗಿರಣಿಯಂಥ ರೆಕ್ಕೆಗಳು. ದೀಪದ ಬಿಸಿಗಾಳಿ ಮೇಲೇರಿದಾಗ ರೆಕ್ಕೆ ತಿರುಗುತ್ತದೆ, ಕೊಳವೆಯೂ ತಿರುಗುತ್ತದೆ, ಗೋಡೆಯ ಮೇಲೆ ಆನೆ ಕುದುರೆಗಳ ನೆರಳು ಓಡುತ್ತದೆ. ಮುಂದೆ ಜಾತ್ರೆಯ ಅಂಗಡಿಗಳಲ್ಲಿ ಬಲ್ಬು ಇಟ್ಟು ಮಾರಿದ ತಿರುಗುವ ದೀಪಗಳೂ ಇದೇ ತತ್ವದವು. ಈ ಕಂದೀಲನ್ನು ನೆನಪಿಟ್ಟುಕೊಳ್ಳಬೇಕು. ಎಲ್‌ಇಡಿಯ ಮಾತು ಬಂದಾಗ ಇದು ಮತ್ತೆ ಬೇಕಾಗುತ್ತದೆ.

ಬಲ್ಬಿನ ಸರ

ಕರ್ನಾಟಕಕ್ಕೆ ವಿದ್ಯುತ್ ಬೇಗ ಬಂತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿಗೆ. ಆದರೆ ಅದು ಹಳೆಯ ಮೈಸೂರಿನ ಕಥೆ. ಬೀದರ್ ಗಡಿಯ ಹಳ್ಳಿಗಳಿಗೆ ತಂತಿ ತಲುಪುವ ಕೆಲಸ ಬಹುಮಟ್ಟಿಗೆ ಏಕೀಕರಣದ ನಂತರದ್ದು. 1957ರಲ್ಲಿ ವಿದ್ಯುಚ್ಛಕ್ತಿ ಮಂಡಳಿ ರಚನೆಯಾಯಿತು. 1979-80ರಲ್ಲಿ ಬಂದ ಭಾಗ್ಯಜ್ಯೋತಿ ಯೋಜನೆ ಬಡವರ ಮನೆಗೆ 40 ವಾಟಿನ ಒಂದೇ ಒಂದು ಬಲ್ಬು ಕೊಟ್ಟಿತು. ಆ ಒಂದು ಬಲ್ಬು ನೋಡಲು ಬೇಕಾದ ದೀಪ. ಅಲಂಕಾರಕ್ಕೆ ಅಲ್ಲಿ ಜಾಗವಿರಲಿಲ್ಲ.

ಅಲಂಕಾರದ ವಿದ್ಯುದ್ದೀಪದ ಚರಿತ್ರೆ ಇನ್ನೂ ದೂರದ್ದು. 1882ರಲ್ಲಿ ಎಡಿಸನ್ ಅವರ ಸಹೋದ್ಯೋಗಿ ಎಡ್ವರ್ಡ್ ಜಾನ್ಸನ್ ನ್ಯೂಯಾರ್ಕಿನ ತಮ್ಮ ಮನೆಯಲ್ಲಿ ಕ್ರಿಸ್‌ಮಸ್ ಮರಕ್ಕೆ ಕೆಂಪು, ಬಿಳಿ, ನೀಲಿ ಬಣ್ಣದ 80 ಬಲ್ಬು ಸುತ್ತಿದರು. 1930ರ ದಶಕದಲ್ಲಿ ಸ್ವೀಡನ್ನಿನ ಆಸ್ಕರ್ ಆಂಡರ್ಸನ್, ಮರಕ್ಕೆ ಹಾಕುವ ಬಲ್ಬುಗಳನ್ನೇ ಬಳಸಿ ಏಳು ಮೇಣಬತ್ತಿಗಳ ಕಿಟಕಿ ದೀಪವೊಂದನ್ನು ಮಾಡಿದರು. ಇಂದು ಆ ದೇಶದ ಮನೆಮನೆಯ ಕಿಟಕಿಯಲ್ಲಿ ಡಿಸೆಂಬರಿನಲ್ಲಿ ಕಾಣುವುದು ಅದೇ.

ಏಳು ಎಂಬ ಸಂಖ್ಯೆಯ ಹಿಂದೆ ಸರಳ ಗಣಿತವಿದೆ. ಅಂಥ ದೀಪದ ಒಂದೊಂದು ಬಲ್ಬು 34 ವೋಲ್ಟಿನದು. ಏಳನ್ನು ಒಂದರ ಹಿಂದೆ ಒಂದು ಪೋಣಿಸಿದರೆ ಒಟ್ಟು 238 ವೋಲ್ಟ್. ಮನೆಯ ಪ್ಲಗ್ಗಿನ 230ಕ್ಕೆ ಅದು ಸರಿಹೋಗುತ್ತದೆ. ನಮ್ಮ ಬೀದಿಗಳಲ್ಲಿ ಜಾತ್ರೆಗೆ ಕಟ್ಟುವ ಸೀರಿಯಲ್ ದೀಪದ ತತ್ವವೂ ಇದೇ. 6 ವೋಲ್ಟಿನ ಪುಟ್ಟ ಬಲ್ಬುಗಳಾದರೆ ಸುಮಾರು 40 ಬೇಕು. ಇದರ ದೊಡ್ಡ ತೊಂದರೆ ಎಲ್ಲರಿಗೂ ಗೊತ್ತು. ಒಂದು ಸುಟ್ಟರೆ ಇಡೀ ಸರ ಕತ್ತಲೆ. ಯಾವುದು ಸುಟ್ಟಿದೆ ಎಂದು ಒಂದೊಂದೇ ತಿರುಗಿಸಿ ನೋಡುತ್ತ ಕೂತವರ ತಾಳ್ಮೆಯೇ ಅಂದಿನ ಹಬ್ಬದ ಮೊದಲ ಪೂಜೆ.

ಈ ಎರಡು ಊರುಗಳಿಗೆ ದೀಪದ ಹಬ್ಬಗಳೂ ಕಡಿಮೆಯಲ್ಲ. ಬಸವಕಲ್ಯಾಣ ತಾಲ್ಲೂಕಿನ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕ ಪ್ರಭುಗಳು ನೆಲೆನಿಂತು 1865ರಲ್ಲಿ ಸಮಾಧಿಯಾದದ್ದು ಹುಮನಾಬಾದ್ ಪಕ್ಕದ ಮಾಣಿಕನಗರದಲ್ಲಿ. ಅಲ್ಲಿ ಮಾರ್ಗಶಿರದ ದತ್ತ ಜಯಂತಿ ಉತ್ಸವ ಬಹುತೇಕ ಡಿಸೆಂಬರಿನಲ್ಲೇ ಬೀಳುತ್ತದೆ. ಅದೇ ತಿಂಗಳು ಕ್ರಿಸ್‌ಮಸ್, ಮುಂದಿನ ತಿಂಗಳು ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ. ಉರುಸಿನ ದಿನಗಳಲ್ಲಿ ದರ್ಗಾಗಳಿಗೆ ಚಿರಾಗು. ಕಾಗದದ ಬುಟ್ಟಿ, ನಕ್ಷತ್ರ, ಲೈಟಿನ ಸರ ಧರ್ಮ ನೋಡುವುದಿಲ್ಲ. ಒಂದೇ ಅಂಗಡಿಯಿಂದ ಎಲ್ಲರ ಮನೆಗೂ ಹೋಗುತ್ತವೆ.

ಸೊನ್ನೆಯಲ್ಲದ 'ಝೀರೋ'

ಬಲ್ಬು ತಂದ ನಷ್ಟವನ್ನೂ ಹೇಳಬೇಕು. ತಂತಿ ಕಾಯಿಸಿ ಬೆಳಕು ಕೊಡುವ ಬಲ್ಬಿನಲ್ಲಿ ನೂರಕ್ಕೆ ಸುಮಾರು ಐದು ಪಾಲು ಮಾತ್ರ ಕಣ್ಣಿಗೆ ಕಾಣುವ ಬೆಳಕಾಗುತ್ತದೆ, ಉಳಿದದ್ದು ಶಾಖ. ಕಾಗದದ ಆಕಾಶಬುಟ್ಟಿಯ ಒಳಗೆ 40 ವಾಟಿನ ಬಲ್ಬು ತಾಗಿದ ಕಡೆ ಕಂದು ಕಲೆ ಬೀಳುವುದು ಇದರಿಂದಲೇ. ಇನ್ನಷ್ಟು ಹೊತ್ತು ತಾಗಿದರೆ ಕಾಗದವೇ ಹೊತ್ತಬಹುದು. ಮೇಣಬತ್ತಿ ಆಕಾರದ ಪ್ಲಾಸ್ಟಿಕ್ ದೀಪದ ಮೇಲ್ತುದಿ ಸೊಟ್ಟಗಾಗುವುದಕ್ಕೂ ಇದೇ ಕಾರಣ.

ಬಣ್ಣದ ಬಲ್ಬಿನಲ್ಲಿ ನಷ್ಟ ಇನ್ನೂ ಹೆಚ್ಚು. ಕೆಂಪು ಗಾಜು ಕೆಂಪನ್ನು ಸೃಷ್ಟಿಸುವುದಿಲ್ಲ, ಉಳಿದ ಬಣ್ಣಗಳನ್ನು ತಡೆದು ಕೆಂಪನ್ನಷ್ಟೇ ಹೊರಗೆ ಬಿಡುತ್ತದೆ. ಉಳಿದ ಆ ಐದು ಪಾಲಿನಲ್ಲೂ ದೊಡ್ಡ ಭಾಗ ಗಾಜಿನಲ್ಲೇ ಸಾಯುತ್ತದೆ.

ದೇವರ ಜಗಲಿಯ ಮೇಲೆ ಹಗಲೂ ರಾತ್ರಿ ಉರಿಯುವ 'ಝೀರೋ ಬಲ್ಬು' ಇದಕ್ಕೆ ಒಳ್ಳೆಯ ಉದಾಹರಣೆ. ಹೆಸರು ಝೀರೋ ಆದರೂ ಅದು ತಿನ್ನುವುದು 12ರಿಂದ 15 ವಾಟ್. ಹಳೆಯ ಚಕ್ರದ ಮೀಟರುಗಳು ಇಷ್ಟು ಸಣ್ಣ ಬಳಕೆಯನ್ನು ಸರಿಯಾಗಿ ತೋರಿಸುತ್ತಿರಲಿಲ್ಲವಾದ್ದರಿಂದ ಈ ಹೆಸರು ನಿಂತಿತು. 15 ವಾಟಿನ ಬಲ್ಬು ದಿನಕ್ಕೆ 10 ಗಂಟೆ ಉರಿದರೆ ತಿಂಗಳಿಗೆ ನಾಲ್ಕೂವರೆ ಯೂನಿಟ್. ಇಪ್ಪತ್ನಾಲ್ಕು ಗಂಟೆ ಉರಿದರೆ ಹತ್ತು ಯೂನಿಟ್‌ಗಿಂತ ಹೆಚ್ಚು. ಅದೇ ಜಾಗದಲ್ಲಿ ಅರ್ಧ ವಾಟಿನ ಎಲ್‌ಇಡಿ ತಿಂಗಳಿಡೀ ಹಗಲಿರುಳು ಉರಿದರೂ ಅರ್ಧ ಯೂನಿಟ್ ದಾಟುವುದಿಲ್ಲ. 2023ರ ಆಗಸ್ಟ್ 5ರಂದು ಕಲಬುರಗಿಯಲ್ಲಿ ಉದ್ಘಾಟನೆಯಾದ ಗೃಹಜ್ಯೋತಿ ಯೋಜನೆ ಉಚಿತ ವಿದ್ಯುತ್ತಿಗೆ ತಿಂಗಳಿಗೆ 200 ಯೂನಿಟ್‌ಗಳ ಮಿತಿ ಇಟ್ಟಿತು. ಅಂದಿನಿಂದ ಇಂಥ ಸಣ್ಣ ಲೆಕ್ಕಗಳಿಗೂ ಮನೆಯಲ್ಲಿ ಬೆಲೆ ಬಂದಿದೆ.

ನೀಲಿಗಾಗಿ ಮೂವತ್ತು ವರ್ಷ

ಎಲ್‌ಇಡಿಯಲ್ಲಿ ಕಾಯುವ ತಂತಿ ಇಲ್ಲ. ಅರೆವಾಹಕದ ಪುಟ್ಟ ಹರಳಿನೊಳಗೆ ವಿದ್ಯುತ್ ಹರಿದಾಗ ಅದು ನೇರವಾಗಿ ಬೆಳಕಾಗುತ್ತದೆ. ಯಾವ ಬಣ್ಣ ಎಂಬುದು ಹರಳಿನ ವಸ್ತುವನ್ನು ಅವಲಂಬಿಸಿದೆ. ಕೆಂಪು ಬೇಕಾದರೆ ಅದು ಕೆಂಪನ್ನೇ ಕೊಡುತ್ತದೆ, ತಡೆದು ಸೋಸುವ ಕೆಲಸವಿಲ್ಲ. ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿಯನ್ನು 1962ರಲ್ಲಿ ಅಮೆರಿಕದ ನಿಕ್ ಹಾಲೊನ್ಯಾಕ್ ಮಾಡಿದರು. ಆದರೆ ಪ್ರಖರವಾದ ನೀಲಿ ಬರಲು 1990ರ ದಶಕದವರೆಗೆ ಕಾಯಬೇಕಾಯಿತು. ನೀಲಿ ಇಲ್ಲದೆ ಬಿಳಿ ಇಲ್ಲ. ನೀಲಿ ಹರಳಿನ ಮೇಲೆ ಹಳದಿ ಹೊಳಪಿನ ಪುಡಿ ಲೇಪಿಸಿಯೇ ಬಿಳಿ ಬೆಳಕು ಪಡೆಯುವುದು. ಆ ನೀಲಿಗಾಗಿ ಇಸಾಮು ಅಕಸಾಕಿ, ಹಿರೋಶಿ ಅಮಾನೊ, ಶೂಜಿ ನಕಮುರಾ ಅವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು. ಮರುವರ್ಷ ಕೇಂದ್ರದ ಉಜಾಲಾ ಯೋಜನೆ ಆರಂಭವಾಯಿತು. ಕರ್ನಾಟಕದಲ್ಲಿ ಅದಕ್ಕೆ 'ಹೊಸ ಬೆಳಕು' ಎಂಬ ಹೆಸರು. 9 ವಾಟಿನ ಬಲ್ಬುಗಳು ಅಗ್ಗವಾಗಿ ಮನೆಗಳಿಗೆ ಬಂದವು.

ದೊಡ್ಡ ಬಲ್ಬು ಬದಲಿಸುವುದು ಸುಲಭ, ಹಳೆಯದನ್ನು ತೆಗೆದು ಅದೇ ಹೋಲ್ಡರಿಗೆ ಹೊಸದನ್ನು ಹಾಕಿದರಾಯಿತು. ಅಲಂಕಾರದ ದೀಪದಲ್ಲಿ ಮಾತ್ರ ಎಚ್ಚರ ಬೇಕು.

ಬದಲಿಸುವ ಬಗೆ

ಆಕಾಶಬುಟ್ಟಿ, ನಕ್ಷತ್ರಗಳಲ್ಲಿ ಸಾಮಾನ್ಯವಾಗಿ ಒಂದೇ ಹೋಲ್ಡರ್ ಇರುತ್ತದೆ. ಅದಕ್ಕೆ ಅರ್ಧ ವಾಟಿನಿಂದ ಮೂರು ವಾಟಿನವರೆಗಿನ ಎಲ್‌ಇಡಿ ಸಾಕು. 9 ವಾಟಿನದನ್ನು ಹಾಕಿದರೆ ಕಾಗದದ ಬಣ್ಣ ಕಾಣದೆ ಬಲ್ಬೇ ಕಣ್ಣಿಗೆ ಚುಚ್ಚುತ್ತದೆ.

ಪೋಣಿಸಿದ ದೀಪಗಳದು ಬೇರೆ ನಿಯಮ. ಏಳು ಬಲ್ಬಿನ ಕಿಟಕಿ ದೀಪದಲ್ಲಿ ಸುಟ್ಟ ಒಂದನ್ನು ಮಾತ್ರ ತೆಗೆದು ಎಲ್‌ಇಡಿ ಹಾಕಬಾರದು. ಹಳೆಯ 3 ವಾಟಿನ ಬಲ್ಬುಗಳ ಮೂಲಕ ಹರಿಯುವ ವಿದ್ಯುತ್ ಹೆಚ್ಚು, ಎಲ್‌ಇಡಿ ಬಿಡುವುದು ಬಹಳ ಕಡಿಮೆ. ಸಾಲಿನಲ್ಲಿ ಅತಿ ಹೆಚ್ಚು ತಡೆ ಒಡ್ಡುವುದರ ಮೇಲೆಯೇ ವೋಲ್ಟೇಜಿನ ಭಾರವೆಲ್ಲ ಬೀಳುತ್ತದೆ. ಉಳಿದ ಆರು ಬೆಳಗುವುದಿಲ್ಲ, ಹೊಸದು ಬೇಗ ಹಾಳಾಗುತ್ತದೆ. ಬದಲಿಸಿದರೆ ಏಳನ್ನೂ ಒಟ್ಟಿಗೆ ಬದಲಿಸಬೇಕು. ಎಲ್ಲವೂ ಒಂದೇ ಬಗೆಯವು, ಆ ದೀಪದ ವೋಲ್ಟೇಜಿಗೆ ಹೊಂದುವಂಥವು ಆಗಿರಬೇಕು. ಆಗ 21 ವಾಟ್ ತಿನ್ನುತ್ತಿದ್ದ ದೀಪ ಒಂದೆರಡು ವಾಟಿಗೆ ಇಳಿಯುತ್ತದೆ.

ಮಕ್ಕಳಿರುವ ಮನೆಗೆ ಇನ್ನೂ ಒಳ್ಳೆಯ ದಾರಿ ಉಂಟು. ಪ್ಲಗ್ಗಿನ ತಂತಿಯನ್ನೇ ಪೂರ್ತಿ ತೆಗೆದುಹಾಕಿ, ಹಳೆಯ ದೀಪದ ಒಡಲೊಳಗೆ ಬಿಡಿ ಎಲ್‌ಇಡಿಗಳನ್ನು ಕೂರಿಸಿ, ಮೊಬೈಲ್ ಚಾರ್ಜರಿನ 5 ವೋಲ್ಟಿಗೆ ಜೋಡಿಸುವುದು. ಬಿಳಿ ಎಲ್‌ಇಡಿಗೆ ಸುಮಾರು 3 ವೋಲ್ಟ್ ಸಾಕು. ಉಳಿದ 2 ವೋಲ್ಟನ್ನು ತಡೆಯಲು ಪ್ರತಿಯೊಂದಕ್ಕೂ 100 ಓಮಿನ ರೆಸಿಸ್ಟರ್ ಒಂದನ್ನು ಸೇರಿಸಬೇಕು. ಅದಿಲ್ಲದೆ ನೇರ ಜೋಡಿಸಿದರೆ ಎಲ್‌ಇಡಿ ಸುಡುತ್ತದೆ. ಹೀಗೆ ಮಾಡಿದ ದೀಪವನ್ನು ಮಗು ಮುಟ್ಟಿದರೂ ಶಾಕ್ ಹೊಡೆಯದು, ಚಾರ್ಜರ್ ಮಾತ್ರ ಒಳ್ಳೆಯದಿರಬೇಕು.

ಶಾಕಿನ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಎಲ್‌ಇಡಿ ಸರ ತಣ್ಣಗಿರುತ್ತದೆ, ಆದ್ದರಿಂದ ಅಪಾಯವಿಲ್ಲ ಎಂದು ಅನೇಕರು ಭಾವಿಸುತ್ತಾರೆ. ಪ್ಲಗ್ಗಿಗೆ ಹಾಕುವ ಅಗ್ಗದ ಸರಗಳಲ್ಲಿ ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ತಂತಿಯ ತೊಗಟೆ ಕಿತ್ತ ಕಡೆ ಮುಟ್ಟಿದರೆ ಮನೆಯ ಪೂರ್ಣ ವೋಲ್ಟೇಜೇ ಹೊಡೆಯುತ್ತದೆ. ಬೆಂಕಿಯ ಭಯ ಕಡಿಮೆಯಾಗಿರಬಹುದು, ಶಾಕಿನ ಭಯ ಹಾಗೇ ಇದೆ. ಕಬ್ಬಿಣದ ಕಿಟಕಿ ಸರಳಿಗೆ, ಬಟ್ಟೆ ಒಣಹಾಕುವ ತಂತಿಗೆ ಲೈಟಿನ ಸರ ಸುತ್ತುವಾಗ ಇದು ನೆನಪಿರಬೇಕು.

ಬದಲಾಗದವು

ಎಲ್‌ಇಡಿಗೆ ಹೊಂದದ ದೀಪಗಳೂ ಇವೆ. ಮೊದಲನೆಯದು ಆ ತಿರುಗುವ ಕಂದೀಲು. ಅದರೊಳಗೆ ಎಲ್‌ಇಡಿ ಇಟ್ಟರೆ ಬೆಳಕು ಬರುತ್ತದೆ, ಚಿತ್ರ ಕಾಣುತ್ತದೆ, ಆದರೆ ತಿರುಗುವುದಿಲ್ಲ. ಬಲ್ಬಿನಲ್ಲಿ ವ್ಯರ್ಥ ಎಂದು ಲೆಕ್ಕ ಹಾಕಿದ ಶಾಖವೇ ಅಲ್ಲಿ ಕೆಲಸ ಮಾಡುತ್ತಿತ್ತು. ಅದನ್ನು ಉಳಿಸಿಕೊಳ್ಳಬೇಕಾದರೆ ಹಳೆಯ ಬಲ್ಬನ್ನೇ ಇಡಬೇಕು, ಇಲ್ಲವೇ ಸಣ್ಣ ಮೋಟಾರು ಜೋಡಿಸಬೇಕು.

ಎರಡನೆಯದು ಬಣ್ಣದ ಪ್ರಶ್ನೆ. ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ದೀಪದ ಕುಡಿ ಸುಮಾರು 1900, ಹಳೆಯ ಬಲ್ಬು 2700. ಅಂಗಡಿಯಲ್ಲಿ ಸುಮ್ಮನೆ ಎಲ್‌ಇಡಿ ಎಂದು ಕೇಳಿದರೆ ಕೈಗೆ ಬರುವುದು ಹೆಚ್ಚಾಗಿ 6500ರ ನೀಲಿ ಛಾಯೆಯ ಬಿಳಿ. ಅದು ಓದಲು ಸರಿ. ಮೇಣಬತ್ತಿ ಆಕಾರದ ದೀಪದಲ್ಲಿ ಅದು ಹೆಣದ ಮುಖದಂತೆ ಕಾಣುತ್ತದೆ. ಅದಕ್ಕೆ 'ವಾರ್ಮ್ ವೈಟ್' ಎಂದು ಕೇಳಿ, ಡಬ್ಬದ ಮೇಲೆ 2700 ಅಥವಾ ಅದಕ್ಕಿಂತ ಕಡಿಮೆ ಇದೆಯೇ ಎಂದು ನೋಡಿ ತರಬೇಕು.

ಮೂರನೆಯದು ಜಗಲಿಯ ಎಣ್ಣೆದೀಪ. ಝೀರೋ ಬಲ್ಬು ಹೋಗಿ ಎಲ್‌ಇಡಿ ಬಂದ ಮನೆಗಳಲ್ಲೂ ಸಂಜೆ ಬತ್ತಿ ಹೊಸೆದು ಒಂದು ದೀಪ ಹಚ್ಚುವುದು ನಿಂತಿಲ್ಲ. ಅದನ್ನು ಆರಿಸುವುದು ಎನ್ನದೆ ಶಾಂತ ಮಾಡುವುದು ಎನ್ನುತ್ತಾರೆ. ಸ್ವಿಚ್ಚಿನ ದೀಪಕ್ಕೆ ಆ ಮಾತು ಬಂದಿಲ್ಲ. ಹಚ್ಚುವ ಕ್ರಿಯೆ ಎರಡಕ್ಕೂ ಒಂದೇ ಪದದಲ್ಲಿದ್ದರೂ, ಯಾವುದು ಎಷ್ಟು ಬದಲಾಗಬಹುದು ಎಂಬ ಗೆರೆಯನ್ನು ಮನೆಯ ಹೆಂಗಸರು ಯಾರೂ ಹೇಳಿಕೊಡದೆಯೇ ಎಳೆದಿದ್ದಾರೆ.

ಹೀಗೆ ನೋಡಿದರೆ ಅಟ್ಟದ ಡಬ್ಬದಲ್ಲಿರುವುದನ್ನೆಲ್ಲ ಒಂದೇ ತಕ್ಕಡಿಗೆ ಹಾಕಬೇಕಾಗಿಲ್ಲ. ಬೀದಿಯವರಿಗೆ ಕಾಣಲೆಂದು ಇಡುವ ಬುಟ್ಟಿ, ನಕ್ಷತ್ರ, ಕಿಟಕಿ ದೀಪಗಳಿಗೆ ಎಲ್‌ಇಡಿಯಷ್ಟು ಹೊಂದುವ ಬೆಳಕು ಹಿಂದೆಂದೂ ಬಂದಿರಲಿಲ್ಲ. ಅವಕ್ಕೆ ಬೇಕಾದದ್ದು ಸ್ವಲ್ಪ ಬೆಳಕು, ಅದು ಕೊಡುವುದೂ ಸ್ವಲ್ಪವೇ, ತಿನ್ನುವುದು ಅದಕ್ಕಿಂತ ಕಡಿಮೆ. ಬಿದಿರಿನ ಕಡ್ಡಿ, ಕಾಗದ, ತಗಡಿನ ಹಳೆಯ ಒಡಲು ಗಟ್ಟಿಯಿದ್ದರೆ ಅದನ್ನು ಎಸೆದು ಹೊಸ ಪ್ಲಾಸ್ಟಿಕ್ ತರುವ ಅಗತ್ಯವಿಲ್ಲ. ಒಂದು ದೀಪಕ್ಕಾಗಿ ಒಂದು ಹೊಲವನ್ನೇ ಬಿಟ್ಟುಕೊಟ್ಟವರ ಊರಿನಲ್ಲಿ ಇಂದು ಹಬ್ಬದ ರಾತ್ರಿಯ ದೀಪಕ್ಕೆ ಕೆಲವು ಪೈಸೆ ಸಾಕು. ಮಾಡ ಮಾತ್ರ ಹಳೆಯದೇ. ಅದರಲ್ಲಿ ಈಗ ಮಸಿ ಹಿಡಿಯುವುದಿಲ್ಲ.